ಸುದ್ದಿಗೆ ದುಡ್ಡು ಕೊಟ್ಟರೆ ನಿಜ ಸಿಗುತ್ತಾ?

2024ರ ಅಕ್ಟೋಬರ್ 25. ಅಮೆರಿಕದ ಅಧ್ಯಕ್ಷ ಚುನಾವಣೆಗೆ ಹನ್ನೊಂದು ದಿನ ಬಾಕಿ ಇತ್ತು. ಈ ಸಲ ಯಾವ ಅಭ್ಯರ್ಥಿಗೂ ಬೆಂಬಲ ಸೂಚಿಸುವುದಿಲ್ಲ ಎಂದು ವಾಷಿಂಗ್ಟನ್ ಪೋಸ್ಟ್ ಪ್ರಕಟಿಸಿತು. ಕಮಲಾ ಹ್ಯಾರಿಸ್ ಪರವಾಗಿ ಸಂಪಾದಕೀಯ ವಿಭಾಗ ಬರೆದಿಟ್ಟಿದ್ದ ಕರಡು ಅಲ್ಲೇ ಉಳಿಯಿತು. ಇದು ಮಾಲೀಕ ಜೆಫ್ ಬೆಜೋಸ್ ಅವರ ನಿರ್ಧಾರ ಎಂದು ಗೊತ್ತಾಗುತ್ತಿದ್ದಂತೆ ಓದುಗರು ಸಿಟ್ಟಾದರು. ಕೆಲವೇ ದಿನಗಳಲ್ಲಿ 2.5 ಲಕ್ಷಕ್ಕೂ ಹೆಚ್ಚು ಜನ ಚಂದಾ ರದ್ದು ಮಾಡಿದರು. ಹೆಚ್ಚುಕಡಿಮೆ ಹತ್ತು ಚಂದಾದಾರರಲ್ಲಿ ಒಬ್ಬರು ಎದ್ದು ಹೋದ ಹಾಗೆ.

ಈ ಘಟನೆಯ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಎರಡು ಉತ್ತರ ಹೊಳೆಯುತ್ತವೆ. ಒಂದು, ದುಡ್ಡು ಕೊಡುವ ಓದುಗನಿಗೆ ಶಕ್ತಿ ಇದೆ, ಮಾಲೀಕ ಅಡ್ಡ ಬಂದರೆ ಅವನನ್ನೇ ಕೇಳುವ ಶಕ್ತಿ. ಇನ್ನೊಂದು, ಪತ್ರಿಕೆ ತಮ್ಮ ಪಕ್ಷ ಹಿಡಿಯಲಿಲ್ಲ ಎಂಬ ಬೇಸರವೂ ಆ ಸಿಟ್ಟಿನಲ್ಲಿ ಇತ್ತು. ಯಾರ ಪರವೂ ಮಾತಾಡದ ಪತ್ರಿಕೆ ಬೇಕು ಎಂದು ಎಲ್ಲರೂ ಹೇಳುತ್ತೇವೆ. ಆದರೆ ಅದು ಸುಮ್ಮನಾದ ದಿನ ಓದುಗರು ಬಾಗಿಲು ಹಾಕಿಕೊಂಡು ಹೊರಟರು. ಈ ಎರಡೂ ಉತ್ತರ ನಿಜ. ಅದಕ್ಕೇ ಈ ವಿಷಯ ಅಷ್ಟು ಸುಲಭ ಅಲ್ಲ.

ಮೊದಲು ಒಂದು ಗೊಂದಲ ಬಿಡಿಸೋಣ. 'ಪೇಯ್ಡ್ ನ್ಯೂಸ್' ಅಂದರೆ ಸುದ್ದಿಯಲ್ಲಿ ಕಾಣಿಸಿಕೊಳ್ಳುವವನು ದುಡ್ಡು ಕೊಟ್ಟು ಬರೆಸಿಕೊಳ್ಳುವುದು. ಅದು ಮೋಸ, ಅದರಲ್ಲಿ ಚರ್ಚೆಯೇ ಇಲ್ಲ. ನಾನು ಹೇಳುತ್ತಿರುವುದು ಓದುವವನು ಕೊಡುವ ದುಡ್ಡಿನ ಬಗ್ಗೆ: ಚಂದಾ, ಪೇವಾಲ್ (ದುಡ್ಡು ಕೊಟ್ಟವರಿಗೆ ಮಾತ್ರ ಸುದ್ದಿ ತೆರೆಯುವ ಆನ್‌ಲೈನ್ ಗೋಡೆ), ದೇಣಿಗೆ. 'ಪುಕ್ಕಟೆ ಸುದ್ದಿ ಓದಿದರೆ ಕಸವೇ ಸಿಗೋದು, ದುಡ್ಡು ಕೊಡಿ, ಆಗ ನಿಷ್ಪಕ್ಷಪಾತ ಸುದ್ದಿ ಸಿಗುತ್ತದೆ' ಎಂಬ ಮಾತು ಈಗ ಎಲ್ಲ ಕಡೆ ಕೇಳುತ್ತದೆ. ನಾನು ಸುದ್ದಿಗೆ ದುಡ್ಡು ಕೊಡುವವನು, ಮುಂದೆಯೂ ಕೊಡುತ್ತೇನೆ. ಆದರೂ ಈ ಮಾತು ಅರ್ಧ ಮಾತ್ರ ಸರಿ ಎಂದು ನನಗೆ ಅನಿಸುತ್ತದೆ. ದುಡ್ಡು ಕೊಟ್ಟರೆ ವರದಿಗಾರನಿಗೆ ಸಮಯ ಸಿಗುತ್ತದೆ. ಅವನು ಯಾರಿಗೆ ಹೆದರಬೇಕು ಎಂಬುದೂ ಬದಲಾಗುತ್ತದೆ. ಹೆದರಿಕೆಯೇ ಇಲ್ಲದ ಸ್ಥಿತಿ ಮಾತ್ರ ಅದರಿಂದ ಬರುವುದಿಲ್ಲ.

ಜಾಹೀರಾತಿನ ಮೇಲೆ ನಡೆಯುವ ಸುದ್ದಿಯ ತೊಂದರೆ ಎಲ್ಲರಿಗೂ ಗೊತ್ತಿರುವಂಥದ್ದು. ಅಲ್ಲಿ ಮಾರಾಟ ಆಗುವುದು ನಮ್ಮ ಗಮನ. ಕ್ಲಿಕ್ ಜಾಸ್ತಿ ಬೇಕು, ಹಾಗಾಗಿ ತಲೆಬರಹ ಕಿರುಚುತ್ತದೆ. ದೊಡ್ಡ ಜಾಹೀರಾತುದಾರನ ತಪ್ಪು ಒಳಪುಟಕ್ಕೆ ಸರಿಯುತ್ತದೆ, ಅಥವಾ ಬರುವುದೇ ಇಲ್ಲ. ಆದರೆ ಇತಿಹಾಸ ನೋಡಿದರೆ ಕಥೆ ಇಷ್ಟೇ ಅಲ್ಲ. 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ಎಷ್ಟೋ ಪತ್ರಿಕೆಗಳು ರಾಜಕೀಯ ಪಕ್ಷಗಳ ನೆರಳಲ್ಲಿ ಬದುಕುತ್ತಿದ್ದವು. ಬೆಲೆ ಸಾಮಾನ್ಯವಾಗಿ ಆರು ಸೆಂಟ್, ಓದುವವರು ಉಳ್ಳವರು. 1833ರಲ್ಲಿ ಬೆಂಜಮಿನ್ ಡೇ ಎಂಬಾತ ನ್ಯೂಯಾರ್ಕ್‌ನಲ್ಲಿ 'ದಿ ಸನ್' ಶುರು ಮಾಡಿ ಒಂದೇ ಸೆಂಟಿಗೆ ಬೀದಿಯಲ್ಲಿ ಮಾರಿದ. ಉಳಿದ ಖರ್ಚನ್ನು ಜಾಹೀರಾತು ತುಂಬಿಕೊಟ್ಟಿತು. ಪಕ್ಷದ ಮುಂದೆ ಕೈ ಚಾಚುವ ಅಗತ್ಯ ತಪ್ಪಿತು. ಅಂದರೆ ಒಂದು ಕಾಲದಲ್ಲಿ ಪತ್ರಿಕೆಗೆ ಸ್ವಾತಂತ್ರ್ಯ ತಂದುಕೊಟ್ಟದ್ದೇ ಜಾಹೀರಾತು! ಅದೇ ಸನ್ 1835ರಲ್ಲಿ ಚಂದ್ರನ ಮೇಲೆ ಬಾವಲಿ ರೆಕ್ಕೆಯ ಮನುಷ್ಯರು ಇದ್ದಾರೆ ಎಂದು ಸರಣಿಯಾಗಿ ಬರೆಯಿತು, ಜನ ಮುಗಿಬಿದ್ದು ಕೊಂಡು ಓದಿದರು. ಪಕ್ಷದಿಂದ ಬಿಡಿಸಿಕೊಂಡ ಪತ್ರಿಕೆ ಮಾರಾಟದ ಆಸೆಗೆ ಸಿಕ್ಕಿಬಿತ್ತು.

ಓದುಗರು ದುಡ್ಡು ಕೊಟ್ಟ ಮಾತ್ರಕ್ಕೆ ಜಾಹೀರಾತುದಾರ ಎದ್ದು ಹೋಗುವುದೂ ಇಲ್ಲ. ಹೆಚ್ಚಿನ ಪತ್ರಿಕೆಗಳಿಗೆ ಎರಡೂ ಕಡೆಯಿಂದ ಆದಾಯ ಇದೆ. 2015ರ ಫೆಬ್ರುವರಿಯಲ್ಲಿ ಪೀಟರ್ ಒಬೋರ್ನ್ ಎಂಬ ಹಿರಿಯ ಅಂಕಣಕಾರ ಬ್ರಿಟನ್ನಿನ ಡೈಲಿ ಟೆಲಿಗ್ರಾಫ್ ಬಿಟ್ಟು ಹೊರಬಂದರು. ಎಚ್‌ಎಸ್‌ಬಿಸಿ ಬ್ಯಾಂಕ್ ದೊಡ್ಡ ಜಾಹೀರಾತುದಾರ, ಹಾಗಾಗಿ ಅದರ ಸುದ್ದಿಯನ್ನು ಪತ್ರಿಕೆ ಮೆತ್ತಗೆ ಮಾಡುತ್ತಿದೆ ಎಂಬುದು ಅವರ ಆರೋಪ. ಪತ್ರಿಕೆ ಅದನ್ನು ತಳ್ಳಿಹಾಕಿತು. ಆರೋಪ ಎಷ್ಟು ನಿಜ ಎಂಬುದನ್ನು ಬದಿಗಿಡೋಣ. ಟೆಲಿಗ್ರಾಫ್ ಓದುಗರು ದುಡ್ಡು ಕೊಟ್ಟೇ ಕೊಳ್ಳುತ್ತಿದ್ದ ಪತ್ರಿಕೆ ಎಂಬುದನ್ನು ಮಾತ್ರ ನೆನಪಿಡಬೇಕು.

ಹಾಗಾದರೆ ನಮ್ಮ ದುಡ್ಡು ಏನು ಮಾಡುತ್ತದೆ?

ಫ್ರಾನ್ಸಿನಲ್ಲಿ ಮೀಡಿಯಾಪಾರ್ಟ್ ಎಂಬ ವೆಬ್ ಪತ್ರಿಕೆ ಇದೆ. 2008ರಲ್ಲಿ ಶುರುವಾಯಿತು. ಜಾಹೀರಾತು ಇಲ್ಲವೇ ಇಲ್ಲ, ಚಂದಾದಾರರ ಹಣದಿಂದಲೇ ನಡೆಯುತ್ತದೆ. ಇಂಟರ್‌ನೆಟ್‌ನಲ್ಲಿ ಸುದ್ದಿಗೆ ಯಾರು ದುಡ್ಡು ಕೊಡುತ್ತಾರೆ ಎಂದು ಕೇಳುವವರೇ ಜಾಸ್ತಿ ಇದ್ದ ಕಾಲ ಅದು. 2012ರ ಡಿಸೆಂಬರ್‌ನಲ್ಲಿ ಬಜೆಟ್ ಸಚಿವ ಜೆರೋಮ್ ಕಾಯುಜಾಕ್ ಅವರಿಗೆ ಸ್ವಿಟ್ಜರ್ಲೆಂಡಿನಲ್ಲಿ ಗುಟ್ಟಿನ ಖಾತೆ ಇತ್ತು ಎಂದು ಅದು ಬರೆಯಿತು. ತೆರಿಗೆ ಕಳ್ಳರನ್ನು ಹಿಡಿಯಬೇಕಾದ ಸಚಿವರ ಮೇಲೆಯೇ ಆರೋಪ. ಸಚಿವರು ಸಂಸತ್ತಿನಲ್ಲಿ ನಿಂತು ಸುಳ್ಳು ಎಂದರು. ಪತ್ರಿಕೆ ಹಿಂದೆ ಸರಿಯಲಿಲ್ಲ. 2013ರ ಮಾರ್ಚ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು, ಏಪ್ರಿಲ್‌ನಲ್ಲಿ ಖಾತೆ ಇದ್ದದ್ದು ನಿಜ ಎಂದು ಒಪ್ಪಿಕೊಂಡರು. ಆ ನಾಲ್ಕು ತಿಂಗಳು ಪತ್ರಿಕೆ ತಲೆ ಎತ್ತಿ ನಿಲ್ಲಲು ಚಂದಾದಾರರ ಹಣ ಬಲ ಕೊಟ್ಟಿತು.

ವೈರ್‌ಕಾರ್ಡ್ ಕಥೆ ಇನ್ನೂ ಉದ್ದ. ಜರ್ಮನಿ ಹೆಮ್ಮೆ ಪಡುತ್ತಿದ್ದ ಪಾವತಿ ಕಂಪನಿ ಅದು. ಅದರ ಲೆಕ್ಕ ಸರಿ ಇಲ್ಲ ಎಂದು ಫೈನಾನ್ಷಿಯಲ್ ಟೈಮ್ಸ್‌ನ ಡ್ಯಾನ್ ಮೆಕ್ರಮ್ ವರ್ಷಗಟ್ಟಲೆ ಬೆನ್ನು ಹತ್ತಿದರು. 2019ರಲ್ಲಿ ದೊಡ್ಡ ವರದಿಗಳು ಬಂದವು. ಆಗ ಜರ್ಮನಿಯ ಹಣಕಾಸು ನಿಯಂತ್ರಣ ಸಂಸ್ಥೆ ಬಾಫಿನ್ ಕಂಪನಿಯನ್ನು ಬಿಟ್ಟು ವರದಿಗಾರರ ಮೇಲೆಯೇ ಕ್ರಿಮಿನಲ್ ದೂರು ಕೊಟ್ಟಿತು. 2020ರ ಜೂನ್‌ನಲ್ಲಿ 190 ಕೋಟಿ ಯೂರೋ ಲೆಕ್ಕಕ್ಕೇ ಸಿಗುತ್ತಿಲ್ಲ ಎಂದು ಹೊರಬಿತ್ತು, ಕಂಪನಿ ಕುಸಿಯಿತು. ಇಂಥ ಒಂದು ವರದಿಯ ಹಿಂದೆ ವಕೀಲರು ಇರಬೇಕು, ದಾಖಲೆ ಪರಿಶೀಲಿಸುವವರು ಇರಬೇಕು, ಮುಖ್ಯವಾಗಿ ತಿಂಗಳುಗಟ್ಟಲೆ ಒಂದಕ್ಷರ ಪ್ರಕಟವಾಗದಿದ್ದರೂ ವರದಿಗಾರನಿಗೆ ಸಂಬಳ ಕೊಡುವ ಸಂಸ್ಥೆ ಇರಬೇಕು. ದಿನಕ್ಕೆ ಎಂಟು ಸ್ಟೋರಿ ಕೊಡಬೇಕಾದ ವರದಿಗಾರ ಎಷ್ಟೇ ಪ್ರಾಮಾಣಿಕನಾದರೂ ಇದನ್ನು ಮಾಡಲಾರ. ಅವನಿಗೆ ಒಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದಕ್ಕೇ ಪುರಸೊತ್ತು ಇರುವುದಿಲ್ಲ. ಸುಳ್ಳು ಸುದ್ದಿ ಎಂದಾಗ ನಾವು ದುರುದ್ದೇಶವನ್ನೇ ಹುಡುಕುತ್ತೇವೆ. ಬಹಳ ಸಲ ಅಲ್ಲಿರುವುದು ಬರೀ ಗಡಿಬಿಡಿ.

ಹಾಗೆಂದು ದುಡ್ಡು ಕೊಟ್ಟು ಓದಿದವರಿಗೆ ಮೋಸ ಆಗಿಲ್ಲವೇ? ಆಗಿದೆ, ಕೆಟ್ಟದಾಗಿ ಆಗಿದೆ. ಇರಾಕ್ ಯುದ್ಧಕ್ಕೆ ಮುಂಚೆ ಅಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂಬ ಸರ್ಕಾರಿ ಮೂಲಗಳ ಮಾತನ್ನು ನ್ಯೂಯಾರ್ಕ್ ಟೈಮ್ಸ್ ಗಟ್ಟಿಯಾಗಿ ಬರೆಯಿತು. 2004ರ ಮೇ 26ರಂದು, ನಮ್ಮ ವರದಿಗಾರಿಕೆ ಇನ್ನೂ ಕಠಿಣವಾಗಿ ಇರಬೇಕಿತ್ತು ಎಂದು ಓದುಗರ ಮುಂದೆ ಒಪ್ಪಿಕೊಂಡಿತು. ಅಷ್ಟರಲ್ಲಿ ಯುದ್ಧ ಶುರುವಾಗಿ ವರ್ಷ ದಾಟಿತ್ತು. ಬ್ರಿಟನ್ನಿನ ನ್ಯೂಸ್ ಆಫ್ ದಿ ವರ್ಲ್ಡ್ ವಾರವಾರವೂ ಲಕ್ಷಾಂತರ ಜನ ಕಾಸು ಕೊಟ್ಟು ಕೊಳ್ಳುತ್ತಿದ್ದ ಪತ್ರಿಕೆ. ಅದರವರು ಕೊಲೆಯಾದ ಒಬ್ಬ ಬಾಲಕಿಯ ಫೋನ್ ಸಂದೇಶಗಳನ್ನೂ ಕದ್ದು ಕೇಳಿದ್ದರು ಎಂದು ಬಯಲಾದ ಮೇಲೆ, 168 ವರ್ಷದ ಆ ಪತ್ರಿಕೆ 2011ರ ಜುಲೈನಲ್ಲಿ ಮುಚ್ಚಿತು.

ಇನ್ನೊಂದು ಉದಾಹರಣೆ ನನ್ನನ್ನು ಬಹಳ ಕಾಡಿದೆ. ಬ್ರಿಟನ್ನಿನಲ್ಲಿ ಬಿಬಿಸಿಗೆ ಜನ ಲೈಸೆನ್ಸ್ ಶುಲ್ಕ ಕೊಡುತ್ತಾರೆ, ಅಲ್ಲಿನ ಅದರ ವಾಹಿನಿಗಳಲ್ಲಿ ಜಾಹೀರಾತು ಇಲ್ಲ. ಅದರ ಹೆಸರಾಂತ ನಿರೂಪಕ ಜಿಮ್ಮಿ ಸ್ಯಾವಿಲ್ ಮಕ್ಕಳ ಮೇಲೆ ನಡೆಸಿದ್ದ ದೌರ್ಜನ್ಯದ ಬಗ್ಗೆ ಬಿಬಿಸಿಯ ನ್ಯೂಸ್‌ನೈಟ್ ತಂಡ 2011ರಲ್ಲೇ ತನಿಖೆ ಮಾಡಿತ್ತು. ಅದನ್ನು ಕೈಬಿಡಲಾಯಿತು. ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ಅದೇ ವಿಷಯವನ್ನು ಜನರ ಮುಂದೆ ಇಟ್ಟದ್ದು ಐಟಿವಿ. ಜಾಹೀರಾತಿನ ಮೇಲೆ ನಡೆಯುವ, ನೋಡುಗರಿಗೆ ಪುಕ್ಕಟೆಯಾದ ಚಾನೆಲ್. ಬಿಬಿಸಿ ನೇಮಿಸಿದ ವಿಚಾರಣೆ, ನಿರ್ಧಾರದಲ್ಲಿ ದುರುದ್ದೇಶ ಇರಲಿಲ್ಲ, ಆದರೆ ನಿರ್ಧಾರ ತಪ್ಪಾಗಿತ್ತು ಎಂದಿತು. ಸಂಸ್ಥೆಗೆ ತನ್ನದೇ ಮನೆಯ ಕೊಳೆ ನೋಡುವುದು ಕಷ್ಟ. ಅದಕ್ಕೆ ಹಣದ ಮೂಲ ಯಾವುದಾದರೇನು?

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ದುಡ್ಡು ಯಾರು ಕೊಡುತ್ತಾರೆ ಎಂಬುದಕ್ಕಿಂತ ಯಾಕೆ ಕೊಡುತ್ತಾರೆ ಎಂದು ಕೇಳಬೇಕು.

ಸುದ್ದಿಗೆ ದುಡ್ಡು ಕೊಡುವುದು ಹೊಸದಲ್ಲ. 'ಗೆಜೆಟ್' ಎಂಬ ಪದವೇ ವೆನಿಸ್ ನಗರದ ಗಜೆಟಾ ಎಂಬ ಚಿಲ್ಲರೆ ನಾಣ್ಯದಿಂದ ಬಂದದ್ದು ಎನ್ನುತ್ತಾರೆ. 16ನೇ ಶತಮಾನದಲ್ಲಿ ಜರ್ಮನಿಯ ಫುಗ್ಗರ್ ವ್ಯಾಪಾರಿ ಮನೆತನದವರು ಊರೂರಿನಿಂದ ಕೈಬರಹದ ಸುದ್ದಿಪತ್ರ ತರಿಸಿಕೊಳ್ಳುತ್ತಿದ್ದರು. ಯಾವ ಹಡಗು ಬಂತು, ಎಲ್ಲಿ ಯುದ್ಧ, ಯಾವ ರಾಜ ಸತ್ತ. ವ್ಯಾಪಾರಿಗೆ ಹಿತವಾದ ಸುಳ್ಳು ಬೇಡ. ಹಡಗು ಮುಳುಗಿದ್ದರೆ ಮುಳುಗಿದೆ ಎಂದೇ ತಿಳಿಯಬೇಕು, ಇಲ್ಲದಿದ್ದರೆ ಅವನು ಮುಳುಗುತ್ತಾನೆ. ಇವತ್ತಿಗೂ ರಾಯಿಟರ್ಸ್, ಬ್ಲೂಮ್‌ಬರ್ಗ್‌ನ ಹಣಕಾಸು ಸುದ್ದಿಗೆ ದುಡ್ಡು ಕೊಡುವವರು ಇಂಥವರೇ. ಸುದ್ದಿ ತಪ್ಪಾದರೆ ಅವರ ಕೈ ಸುಡುತ್ತದೆ. ಅಲ್ಲಿ ದುಡ್ಡಿಗೂ ನಿಖರತೆಗೂ ನೇರ ನಂಟು ಇದೆ. ಸುದ್ದಿ ಸಂಸ್ಥೆಗಳ ಸಪ್ಪೆ ಎನ್ನಿಸುವ ಭಾಷೆಗೂ ಇಂಥದ್ದೇ ಕಾರಣ ಹೇಳುತ್ತಾರೆ: 1846ರಲ್ಲಿ ಶುರುವಾದ ಅಸೋಸಿಯೇಟೆಡ್ ಪ್ರೆಸ್ ಒಂದೇ ವರದಿಯನ್ನು ಒಬ್ಬರಿಗೊಬ್ಬರು ಮುಖ ನೋಡದ ರಾಜಕೀಯದ ಪತ್ರಿಕೆಗಳಿಗೆಲ್ಲ ಕಳಿಸಬೇಕಿತ್ತು. ಎಲ್ಲರೂ ಗಿರಾಕಿಗಳಾದಾಗ ಒಬ್ಬರ ಕಡೆ ವಾಲುವುದು ನಷ್ಟದ ಬಾಬತ್ತು.

ಈಗ ರಾಜಕೀಯ ಸುದ್ದಿಗೆ ಚಂದಾ ಕೊಡುವ ನಮ್ಮನ್ನು ನೋಡೋಣ. ನಾನು ಓದಿದ ರಾಜಕೀಯ ವಿಶ್ಲೇಷಣೆ ತಪ್ಪಾದರೆ ನನಗೇನು ನಷ್ಟ? ಮಾರನೇ ದಿನ ಏನೂ ಆಗುವುದಿಲ್ಲ. ಒಂದು ವೋಟು, ಅದೂ ಕೋಟಿಗಟ್ಟಲೆ ವೋಟುಗಳ ನಡುವೆ. ಆದರೆ ಓದಿದ್ದು ನನ್ನ ನಂಬಿಕೆಗೆ ವಿರುದ್ಧ ಇದ್ದರೆ ಆ ಕ್ಷಣವೇ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಹಾಗಾಗಿ ನಿಖರತೆಗಿಂತ ಜಾಸ್ತಿ ನಾನು ಸಮಾಧಾನಕ್ಕೇ ದುಡ್ಡು ಕೊಡುವ ಅಪಾಯ ಇದೆ. ನನ್ನ ಗುಂಪು ಸರಿ, ಆ ಗುಂಪು ತಪ್ಪು ಎಂದು ದಿನವೂ ಹೇಳಿಸಿಕೊಳ್ಳುವ ಸಮಾಧಾನ. ಇದು ನನ್ನೊಬ್ಬನ ದೌರ್ಬಲ್ಯ ಅಲ್ಲ, ನಮ್ಮೆಲ್ಲರದ್ದು. ಸುದ್ದಿಮನೆಯವರಿಗೂ ಇದು ಕಾಣುತ್ತದೆ. ಯಾವ ಲೇಖನ ಓದಿ ಎಷ್ಟು ಜನ ಚಂದಾ ಕೊಟ್ಟರು, ಯಾವ ವಾರ ಎಷ್ಟು ಜನ ಬಿಟ್ಟರು ಎಂಬ ಲೆಕ್ಕ ಈಗ ಪರದೆಯ ಮೇಲೇ ಓಡುತ್ತಿರುತ್ತದೆ. ಅದನ್ನು ನೋಡಿಯೂ ನೋಡದ ಹಾಗೆ ಬರೆಯಲು ಗಟ್ಟಿ ಗುಂಡಿಗೆ ಬೇಕು.

ಇದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಫಾಕ್ಸ್ ನ್ಯೂಸ್ ಸಾಕ್ಷಿ. ಅದು ಪುಕ್ಕಟೆ ಚಾನೆಲ್ ಅಲ್ಲ, ಜನ ಕಟ್ಟುವ ಕೇಬಲ್ ಬಿಲ್ಲಿನಲ್ಲಿ ಅದರ ಪಾಲೂ ಸೇರಿರುತ್ತದೆ. 2020ರ ನವೆಂಬರ್ 3ರ ರಾತ್ರಿ ಅರಿಜೋನಾದಲ್ಲಿ ಬೈಡನ್ ಗೆಲುವನ್ನು ಅದು ಉಳಿದವರಿಗಿಂತ ಮುಂಚೆಯೇ ಘೋಷಿಸಿತು. ಕೊನೆಗೆ ಅಲ್ಲಿ ಗೆದ್ದದ್ದೂ ಬೈಡನ್ ಅವರೇ. ಆದರೆ ಅದರ ನೋಡುಗರು ಕೆರಳಿದರು, ಬೇರೆ ಚಾನೆಲ್ ಕಡೆ ಹೊರಡತೊಡಗಿದರು. ಆಮೇಲೆ ಮತಯಂತ್ರಗಳಲ್ಲಿ ಮೋಸ ಆಗಿದೆ ಎಂಬ ಆರೋಪಗಳು ಅದೇ ಪರದೆಯ ಮೇಲೆ ಬಂದವು. ಮತಯಂತ್ರ ಕಂಪನಿ ಡೊಮಿನಿಯನ್ ಕೋರ್ಟಿಗೆ ಹೋಯಿತು. ಅಲ್ಲಿ ಹೊರಬಂದ ಒಳಗಿನ ಸಂದೇಶಗಳನ್ನು ನೋಡಿದರೆ ಚಾನೆಲ್ಲಿನ ಹಲವರಿಗೆ ಆ ಆರೋಪಗಳಲ್ಲಿ ನಂಬಿಕೆಯೇ ಇರಲಿಲ್ಲ, ನೋಡುಗರು ಕೈತಪ್ಪುತ್ತಾರೆ ಎಂಬ ಭಯ ಮಾತ್ರ ಇತ್ತು. 2023ರ ಏಪ್ರಿಲ್‌ನಲ್ಲಿ 78.75 ಕೋಟಿ ಡಾಲರ್ ಕೊಟ್ಟು ಫಾಕ್ಸ್ ರಾಜಿ ಮಾಡಿಕೊಂಡಿತು. ಇಲ್ಲಿ ಜಾಹೀರಾತುದಾರನೋ ಸರ್ಕಾರವೋ ಕತ್ತು ಹಿಡಿದಿದ್ದಲ್ಲ. ಹಿಡಿದದ್ದು ನಿಷ್ಠಾವಂತ ಪ್ರೇಕ್ಷಕರ ಸಿಟ್ಟು.

'ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ' ಎಂಬ ಗಾದೆ ಇದೆ. ಹಾಗೆ ಒದೆಯುವವನು ರಾಜಕಾರಣಿ, ಉದ್ಯಮಿ ಎಂದೇ ನಾವು ಅಂದುಕೊಂಡಿದ್ದೇವೆ. ಚಂದಾ ಕಾಲದಲ್ಲಿ ಒದೆಯುವವನು ಓದುಗನೂ ಆಗಬಹುದು. ಒಬ್ಬರೇ ನಡೆಸುವ ನ್ಯೂಸ್‌ಲೆಟರ್‌ಗಳಲ್ಲಿ ಇದು ಇನ್ನೂ ಜೋರು. ಕೆಲವು ಸಾವಿರ ಚಂದಾದಾರರ ಮೇಲೆ ಒಬ್ಬ ಬರಹಗಾರನ ಮನೆ ನಡೆಯುತ್ತಿದ್ದರೆ, ಅವರಿಗೆ ಇಷ್ಟವಾಗದ್ದನ್ನು ಬರೆದ ದಿನವೇ ಸಂಸಾರದ ಲೆಕ್ಕ ಏರುಪೇರಾಗುತ್ತದೆ. ಬೆನ್ನಿಗೆ ಸಂಪಾದಕ ಇಲ್ಲ, ವಕೀಲ ಇಲ್ಲ. ಒಳ್ಳೆಯ ಬರಹಗಾರರು ಅಲ್ಲಿ ಇದ್ದಾರೆ, ಅವರಲ್ಲಿ ಕೆಲವರನ್ನು ನಾನೂ ಓದುತ್ತೇನೆ. ಆದರೆ ಆ ಒತ್ತಡ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಲಾರೆ.

ನನ್ನದೇ ಒಂದು ವಿಷಯ ಹೇಳಬೇಕು. ಕೆಲವು ವರ್ಷದ ಹಿಂದೆ ನಾನು ಒಂದು ಪತ್ರಿಕೆಯ ಚಂದಾ ನಿಲ್ಲಿಸಿದೆ. ನಾನು ಬಹಳ ಗೌರವಿಸುತ್ತಿದ್ದ ಒಬ್ಬರ ಬಗ್ಗೆ ಅದು ಕಟುವಾದ ವರದಿ ಮಾಡಿತ್ತು. ಏಕಪಕ್ಷೀಯ ವರದಿ ಎಂದು ಉದ್ದದ ಮೇಲ್ ಬರೆದೇ ಬಿಟ್ಟೆ. ತಿಂಗಳುಗಳ ಮೇಲೆ, ಸಿಟ್ಟು ಇಳಿದಾಗ, ಅದೇ ವರದಿಯನ್ನು ಮತ್ತೆ ಓದಿದೆ. ದಾಖಲೆಗಳ ಉಲ್ಲೇಖ ಇತ್ತು. ಆರೋಪ ಹೊತ್ತವರ ಉತ್ತರವನ್ನೂ ಪೂರ್ತಿ ಹಾಕಿದ್ದರು. ನಾನು ಮೊದಲ ಸಲ ಅದನ್ನು ಓದಿಯೇ ಇರಲಿಲ್ಲ, ಕಣ್ಣಾಡಿಸಿದ್ದೆ ಅಷ್ಟೇ. ಆ ದಿನದಿಂದ 'ನಿಷ್ಪಕ್ಷಪಾತ' ಎಂಬ ಪದ ಬಳಸುವ ಮುಂಚೆ ಒಂದು ಕ್ಷಣ ತಡೆಯುತ್ತೇನೆ.

ಯಾಕೆಂದರೆ ನಿಲುವು ಇರುವುದು ಬೇರೆ, ವಾಲುವುದು ಬೇರೆ. ದಿ ಎಕಾನಮಿಸ್ಟ್ 1843ರಲ್ಲಿ ಹುಟ್ಟಿದ್ದೇ ಧಾನ್ಯದ ಆಮದಿಗೆ ಅಡ್ಡ ನಿಂತಿದ್ದ ಕಾನೂನುಗಳ ವಿರುದ್ಧ ಹೋರಾಡುವುದಕ್ಕೆ. ಮುಕ್ತ ವ್ಯಾಪಾರದ ಪರ ಎಂದು ಇವತ್ತಿಗೂ ಬಾಯಿಬಿಟ್ಟೇ ಹೇಳುತ್ತದೆ. ಆ ನಿಲುವನ್ನು ಒಪ್ಪದವರೂ ಅದರ ಅಂಕಿಅಂಶ ನೋಡುತ್ತಾರೆ. ಯಾವ ನಿಲುವೂ ಇಲ್ಲದ ಮನುಷ್ಯ ಇಲ್ಲ, ಯಾವ ಸುದ್ದಿ ಮೊದಲ ಪುಟಕ್ಕೆ ಎಂಬ ಆಯ್ಕೆಯೇ ಒಂದು ನಿಲುವು. ನಾನು ಕೇಳುವುದು ಇಷ್ಟು: ತನ್ನ ನಿಲುವಿಗೆ ಒಗ್ಗದ ಸಂಗತಿ ಸಿಕ್ಕಾಗ ಪತ್ರಿಕೆ ಏನು ಮಾಡುತ್ತದೆ? ತಪ್ಪಾದರೆ ಕಾಣುವ ಜಾಗದಲ್ಲಿ ತಿದ್ದುತ್ತದೆಯಾ, ಅಥವಾ ಯಾರಿಗೂ ಗೊತ್ತಾಗದ ಹಾಗೆ ಸಾಲು ಬದಲಾಯಿಸುತ್ತದೆಯಾ? ಮಾಲೀಕನ ಇತರ ವ್ಯವಹಾರಗಳ ಸುದ್ದಿ ಅಲ್ಲಿ ಬರುತ್ತದೆಯಾ? ಈ ಕೊನೆಯ ಪ್ರಶ್ನೆಗೆ ನನಗೆ ಬಹಳ ಇಷ್ಟವಾದ ಉತ್ತರ ಥೆರಾನೋಸ್ ಪ್ರಕರಣದಲ್ಲಿದೆ. ಒಂದೆರಡು ಹನಿ ರಕ್ತದಲ್ಲಿ ಹತ್ತಾರು ಪರೀಕ್ಷೆ ಮಾಡುತ್ತೇವೆ ಎಂದು ಹೇಳಿಕೊಂಡಿದ್ದ ಕಂಪನಿಯ ಬಣ್ಣವನ್ನು 2015ರ ಅಕ್ಟೋಬರ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನ ಜಾನ್ ಕ್ಯಾರಿರೂ ಬಯಲು ಮಾಡಿದರು. ಆ ಪತ್ರಿಕೆಯನ್ನು ನಡೆಸುವ ಕಂಪನಿಯ ಆಗಿನ ದೊರೆ ರೂಪರ್ಟ್ ಮರ್ಡಾಕ್ ಸ್ವತಃ ಥೆರಾನೋಸ್‌ನಲ್ಲಿ ಸುಮಾರು 12.5 ಕೋಟಿ ಡಾಲರ್ ಹಾಕಿದ್ದರು. ವರದಿ ತಡೆಯಿರಿ ಎಂದು ಥೆರಾನೋಸ್ ಮುಖ್ಯಸ್ಥೆ ಎಲಿಜಬೆತ್ ಹೋಮ್ಸ್ ಬಂದು ಮರ್ಡಾಕ್ ಅವರನ್ನು ಕೇಳಿದರೂ ಅವರು ಕೈ ಹಾಕಲಿಲ್ಲ, ಸಂಪಾದಕರಿಗೇ ಬಿಟ್ಟರು. ಫಾಕ್ಸ್ ನ್ಯೂಸ್ ಕೂಡ ಇದೇ ಮರ್ಡಾಕ್ ಕುಟುಂಬದ್ದು. ಎರಡು ಸುದ್ದಿಮನೆಗಳ ನಡುವಿನ ವ್ಯತ್ಯಾಸ ಒಳಗಿನ ಶಿಸ್ತಿನದು. ಒಂದರ ಓದುಗರು ಮಾರುಕಟ್ಟೆಯಲ್ಲಿ ದುಡ್ಡು ಹಾಕುವವರು ಎಂಬುದೂ ಅದಕ್ಕೆ ಸೇರಿದೆ.

ಇಲ್ಲಿ ಒಂದು ದೊಡ್ಡ ತೂತು ಇದೆ. ಹೂಡಿಕೆದಾರನಿಗೆ ನಿಖರ ಸುದ್ದಿ ಬೇಕು, ದುಡ್ಡು ಕೊಡುತ್ತಾನೆ, ಸಿಗುತ್ತದೆ. ಕೂಲಿಯವರ, ಜೈಲಿನಲ್ಲಿರುವವರ, ಹಾಳಾದ ಸರ್ಕಾರಿ ಆಸ್ಪತ್ರೆಯ ರೋಗಿಗಳ ಬಗ್ಗೆ ನಿಖರ ಸುದ್ದಿಗೆ ಹಾಗೆ ದುಡ್ಡು ಸುರಿಯುವ ಗಿರಾಕಿ ಯಾರು? ರಾಯಿಟರ್ಸ್ ಇನ್‌ಸ್ಟಿಟ್ಯೂಟ್‌ನ 2024ರ ಸಮೀಕ್ಷೆಯಲ್ಲಿ 20 ಶ್ರೀಮಂತ ದೇಶಗಳಲ್ಲಿ ಆನ್‌ಲೈನ್ ಸುದ್ದಿಗೆ ಹಣ ಕೊಟ್ಟವರು ಶೇ 17 ಮಾತ್ರ. ನಾರ್ವೆಯಂಥ ದೇಶದಲ್ಲಿ ಶೇ 40. ಶ್ರೀಮಂತ ದೇಶಗಳ ಕಥೆಯೇ ಇದು. ಉಳಿದವರೂ ವೋಟು ಹಾಕುತ್ತಾರೆ, ಕಾಯಿಲೆ ಬೀಳುತ್ತಾರೆ, ಔಷಧಿಯ ಬಗ್ಗೆ ಫೋನಿನಲ್ಲಿ ಹುಡುಕುತ್ತಾರೆ. ಪರಿಶೀಲಿಸಿದ ಮಾಹಿತಿ ಗೋಡೆಯ ಆಚೆ, ಯಾರದೋ ಹಿತಾಸಕ್ತಿ ಹರಡಿದ ಸುಳ್ಳು ಪುಕ್ಕಟೆಯಾಗಿ ಕೈಯಲ್ಲಿ. 2020ರಲ್ಲಿ ಕೋವಿಡ್ ಬಂದಾಗ ನ್ಯೂಯಾರ್ಕ್ ಟೈಮ್ಸ್ ಸೇರಿದಂತೆ ಹಲವು ಪತ್ರಿಕೆಗಳು ಆ ಸುದ್ದಿಯ ಮಟ್ಟಿಗೆ ಪೇವಾಲ್ ತೆಗೆದವು. ಅಂದರೆ ಕೆಲವು ಮಾಹಿತಿ ಎಲ್ಲರಿಗೂ ತಲುಪಲೇಬೇಕು ಎಂದು ಅವರೇ ಒಪ್ಪಿಕೊಂಡ ಹಾಗೆ, ಅಲ್ವಾ?

ಪೇವಾಲ್ ಇಲ್ಲದೆಯೂ ಓದುಗರು ದುಡ್ಡು ಕೊಡಬಹುದು ಎಂಬುದಕ್ಕೆ ಗಾರ್ಡಿಯನ್ ಇದೆ. 1936ರಿಂದ ಸ್ಕಾಟ್ ಟ್ರಸ್ಟ್ ಎಂಬ ವ್ಯವಸ್ಥೆ ಅದರ ಹಿಂದಿದೆ, ಲಾಭ ಹಂಚಿಕೊಳ್ಳುವ ಮಾಲೀಕರಿಲ್ಲ. ಕೊಡಲು ಆಗುವವರು ಕೊಡುತ್ತಾರೆ, ಎಲ್ಲರೂ ಓದುತ್ತಾರೆ. ಅಮೆರಿಕ ಸರ್ಕಾರದ ಗುಪ್ತ ಕಣ್ಗಾವಲನ್ನು ಬಯಲು ಮಾಡಿದ 2013ರ ಎಡ್ವರ್ಡ್ ಸ್ನೋಡೆನ್ ದಾಖಲೆಗಳ ವರದಿಯನ್ನು ಪೇವಾಲ್ ಇಲ್ಲದೆಯೇ ಲೋಕವೆಲ್ಲ ಓದಿತು. ಅಮೆರಿಕದ ಪ್ರೊಪಬ್ಲಿಕಾ ದೇಣಿಗೆಯ ಮೇಲೆ ನಡೆಯುತ್ತದೆ, ತನಿಖಾ ವರದಿಗಳನ್ನು ಪುಕ್ಕಟೆ ಕೊಡುತ್ತದೆ. ದೊಡ್ಡ ದಾನಿಗಳ ಮೇಲೆ ಅವಲಂಬನೆ ಬಂದಾಗ ಅಲ್ಲೂ ಅದೇ ಪ್ರಶ್ನೆ ಏಳುತ್ತದೆ, ಆ ದಾನಿಯ ಬಗ್ಗೆ ಬರೆಯಬೇಕಾದಾಗ ಏನು? ಆದರೂ ಇಂಥ ಕಡೆ ಕೊಡುವ ದುಡ್ಡು ನನಗೆ ಜಾಸ್ತಿ ಅರ್ಥಪೂರ್ಣ ಅನಿಸುತ್ತದೆ. ನಾನೊಬ್ಬ ಓದುವುದಕ್ಕಲ್ಲ, ಕೊಡಲಾಗದವನೂ ಓದಲಿ ಎಂದು.

ಈಗ ಚಂದಾ ನವೀಕರಣದ ಮೇಲ್ ಬಂದಾಗ ನಾನು ಒಂದು ಕೆಲಸ ಮಾಡುತ್ತೇನೆ. ಆ ವರ್ಷ ಆ ಪತ್ರಿಕೆಯಲ್ಲಿ ನನಗೆ ಕಸಿವಿಸಿ ಮಾಡಿದ, ಆದರೆ ಅಲ್ಲಗಳೆಯಲು ಆಗದ ವರದಿ ಯಾವುದು ಎಂದು ನೆನಪು ಮಾಡಿಕೊಳ್ಳುತ್ತೇನೆ. ಹೋದ ಸಲ ಒಂದು ಪತ್ರಿಕೆಗೆ ಅಂಥ ಮೂರು ನೆನಪಾದವು, ಹಣ ಕಟ್ಟಿದೆ. ಇನ್ನೊಂದರಲ್ಲಿ ವರ್ಷವಿಡೀ ಓದಿದ್ದೆಲ್ಲ ನನಗೆ ಹಿತವಾಗಿಯೇ ಇತ್ತು. ಅದರ ಹಣವನ್ನು ಪೇವಾಲ್ ಇಲ್ಲದ ಒಂದು ತನಿಖಾ ತಂಡಕ್ಕೆ ಕಳಿಸಿದೆ. ಮೊದಲೊಮ್ಮೆ ಸಿಟ್ಟಿನಲ್ಲಿ ಬಿಟ್ಟಿದ್ದ ಪತ್ರಿಕೆಗೂ ಮತ್ತೆ ಚಂದಾದಾರನಾಗಿದ್ದೇನೆ.